ಮಲೆಯ ಮುದುಕಿಯ ಹಸಿವು



ಜಪಾನು ದೇಶದ ಭೂಭಾಗದಲ್ಲಿ ಹೆಚ್ಚುಕಡಮೆ ಮುಕ್ಕಾಲು ಪಾಲು ಬೆಟ್ಟಗುಡ್ಡಗಳೇ ಆಗಿರುವುದರಿಂದ, ಅಲ್ಲಿನ ರೈತನು ತನ್ನ ಬತ್ತದ ಗದ್ದೆಯ ಬದುವಿನ ಮೇಲೆ ನಿಂತು ತಲೆಯೆತ್ತಿದನೆಂದರೆ ಯಾವ ದಿಕ್ಕಿನಲ್ಲಾದರೂ ಒಂದು ಮಲೆಯು ಅವನ ಕಣ್ಣಿಗೆ ಅಡ್ಡವಾಗಿ ನಿಂತಿರುತ್ತದೆ. ಹಿಂದಿನ ಕಾಲದಲ್ಲಿ ಸೌದೆಗೂ ಇದ್ದಲಿಗೂ ಅಣಬೆಗೂ ಅವನು ಆ ಮಲೆಯನ್ನೇ ಆಶ್ರಯಿಸಬೇಕಾಗಿತ್ತು. ಕಡಲ ತೀರದ ಉಪ್ಪನ್ನೋ ಮೀನನ್ನೋ ಒಳನಾಡಿಗೆ ಸಾಗಿಸಬೇಕಾದರೂ ಅದರ ಕಣಿವೆಯ ದಾರಿಯನ್ನೇ ಹಿಡಿಯಬೇಕಾಗಿತ್ತು. ಆದರೆ ಹೊತ್ತು ಮುಳುಗುವುದರೊಳಗಾಗಿ ಇಳಿದು ಬಂದುಬಿಡಬೇಕಾಗಿತ್ತು. ಹಾಗೆ ಬಾರದೆ ಕತ್ತಲೆಗೆ ಸಿಕ್ಕಿದವನ ಎದುರಿಗೆ, ನರೆತ ಕೂದಲನ್ನು ಕೆದರಿಕೊಂಡು, ಕಿವಿಯವರೆಗೆ ಹರಿದ ಬಾಯಿಯೊಡನೆ, ಚಿಂದಿಯನ್ನೋ ಮರದ ನಾರನ್ನೋ ಸುತ್ತಿಕೊಂಡ ಒಬ್ಬ ಮುದುಕಿಯು ಬಂದು ನಿಲ್ಲುವಳೆಂದು ಆ ನಾಡಿನ ಅಜ್ಜಿಯರು ಶತಮಾನಗಳಿಂದ ಮೊಮ್ಮಕ್ಕಳಿಗೆ ಹೇಳುತ್ತ ಬಂದಿದ್ದಾರೆ. ಅವಳ ಹೆಸರು ಯಮಉಬಾ; ಯಮಂಬಾ ಎಂದೂ ಕರೆಯುವರು. ಮಲೆಯ ಮುದುಕಿ ಎಂದು ನಾವು ಹೇಳಬಹುದು.

ಈ ಮುದುಕಿಯ ಸ್ವಭಾವವನ್ನು ಕುರಿತು ವಿಚಾರ ಮಾಡುವುದೇ ನನ್ನ ಈ ಹೊತ್ತಿನ ಭಾಷಣದ ಉದ್ದೇಶ. ಮಾಡಬೇಕಾದ ಅಗತ್ಯವೇನೆಂದರೆ, ಒಂದು ಕಥೆಯಲ್ಲಿ ಮನುಷ್ಯರನ್ನು ನುಂಗುವ ಇವಳೇ ಇನ್ನೊಂದು ಕಥೆಯಲ್ಲಿ ತಬ್ಬಲಿಗೆ ಭಾಗ್ಯವನ್ನು ಕೊಡುತ್ತಾಳೆ, ಮತ್ತೊಂದರಲ್ಲಿ ದೇಶವೇ ಕೊಂಡಾಡುವ ವೀರನೊಬ್ಬನಿಗೆ ಮೊಲೆಯೂಡಿಸುತ್ತಾಳೆ. ಪಂಡಿತರು ಇವಳಿಗೆ ಎರಡು ಮುಖಗಳೆಂದು ಹೇಳಿ, ಉಗ್ರವನ್ನು ಒಂದು ಕಡೆಗೂ ಸೌಮ್ಯವನ್ನು ಒಂದು ಕಡೆಗೂ ವಿಂಗಡಿಸಿ ತೃಪ್ತರಾಗುವುದುಂಟು. ನನಗೆ ಆ ವಿಂಗಡಣೆಯಿಂದ ಸಮಾಧಾನವಾಗಿಲ್ಲ. ಕಥೆಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಿದರೆ ಅವುಗಳೆಲ್ಲದರ ಒಳಗೆ ಇರುವವಳು ಒಬ್ಬಳೇ ಹೆಂಗಸು, ಅವಳ ಎಲ್ಲ ನಡತೆಗೂ ಮೂಲವಾದುದು ಒಂದೇ ಒಂದು ಸಂಗತಿ, ಅದು ಹಸಿವು, ಎಂದು ನನಗೆ ತೋರುತ್ತದೆ.

ಜಪಾನಿನ ಬಹುಭಾಗಗಳಲ್ಲಿ ಪ್ರಚಲಿತವಾಗಿರುವ, ಎತ್ತು ಹೊಡೆಯುವವನ ಕಥೆಯನ್ನೇ ಮೊದಲು ತೆಗೆದುಕೊಳ್ಳೋಣ. ಒಬ್ಬನು ಎತ್ತಿನ ಮೇಲೆ ಉಪ್ಪು ಹಾಕಿದ ಬಂಗುಡೆ ಮೀನನ್ನು ಹೇರಿಕೊಂಡು ಕಣಿವೆಯನ್ನು ದಾಟುತ್ತಿರುತ್ತಾನೆ. ಯಮಂಬಾ ಹಿಂದಿನಿಂದ ಬಂದು ಒಂದು ಮೀನನ್ನು ಬೇಡುತ್ತಾಳೆ. ಕೊಟ್ಟರೆ ಇನ್ನೊಂದನ್ನು, ಅದನ್ನೂ ಕೊಟ್ಟರೆ ಮತ್ತೊಂದನ್ನು ಬೇಡುತ್ತಾಳೆ. ಮೀನೆಲ್ಲವೂ ಮುಗಿದ ಮೇಲೆ ಎತ್ತನ್ನು ತಿನ್ನುತ್ತಾಳೆ. ಎತ್ತು ಮುಗಿದ ಮೇಲೆ ಅವನನ್ನೇ ತಿನ್ನುವುದಕ್ಕೆ ಅಟ್ಟಿಸಿಕೊಂಡು ಬರುತ್ತಾಳೆ. ಅವನು ಓಡಿ ಓಡಿ ಕಾಡಿನ ನಡುವೆ ಕಂಡ ಒಂದು ಗುಡಿಸಲನ್ನು ಹೊಕ್ಕು ಅಟ್ಟವನ್ನೇರಿ ಅವಿತುಕೊಳ್ಳುತ್ತಾನೆ. ಆ ಗುಡಿಸಲು ಅವಳದೇ! ಇಲ್ಲಿಯವರೆಗೆ ಇದು ಎಲ್ಲ ದೇಶಗಳಲ್ಲಿಯೂ ಇರುವಂಥ ರಾಕ್ಷಸಿಯ ಕಥೆ. ಆದರೆ ಇಲ್ಲಿಂದ ಮುಂದೆ ಕಥೆಯ ಕಣ್ಣು ಬೇರೆಯಾಗುತ್ತದೆ. ಅಟ್ಟದ ಮೇಲಿರುವವನ ಮೂಲಕ, ಯಾರೂ ತನ್ನನ್ನು ನೋಡುತ್ತಿಲ್ಲವೆಂದು ತಿಳಿದಿರುವ ಯಮಂಬಾ ತನ್ನ ಮನೆಯಲ್ಲಿ ಹೇಗಿರುತ್ತಾಳೆಂಬುದನ್ನು ನಾವು ನೋಡುತ್ತೇವೆ.

ಅವಳು ಒಳಗೆ ಬಂದು, ದಣಿದೆನೆಂದು ತನ್ನಷ್ಟಕ್ಕೆ ಹೇಳಿಕೊಂಡು, ಒಲೆಯ ಮುಂದೆ ಕುಳಿತು ಅಕ್ಕಿಯಿಂದ ಮಾಡಿದ ಸಿಹಿಪಾನೀಯವನ್ನು ಕಾಯುವುದಕ್ಕಿಡುತ್ತಾಳೆ. ಬೆಂಕಿಯ ಬಿಸಿಗೆ ತೂಕಡಿಕೆ ಬರುತ್ತದೆ. ಅಟ್ಟದ ಮೇಲಿನವನು ಜೊಂಡಿನ ಕೊಳವೆಯೊಂದನ್ನು ಇಳಿಯಬಿಟ್ಟು ಪಾನೀಯವನ್ನೆಲ್ಲ ಹೀರಿಬಿಡುತ್ತಾನೆ. ಎಚ್ಚರವಾದವಳು ಬರಿದಾದ ಪಾತ್ರೆಯನ್ನು ನೋಡಿ, ಯಾರು ಕುಡಿದವರೆಂದು ಕೂಗುತ್ತಾಳೆ. ಅವನು ಮೇಲಿನಿಂದ ಪಿಸುದನಿಯಲ್ಲಿ, ಅಗ್ನಿದೇವ, ಅಗ್ನಿದೇವ, ಎನ್ನುತ್ತಾನೆ. ಅಗ್ನಿದೇವನೇ ಕುಡಿದಿದ್ದರೆ ಇನ್ನು ಮಾಡುವುದೇನೆಂದು ಅವಳು ಸುಮ್ಮನಾಗುತ್ತಾಳೆ. ಅಕ್ಕಿಯ ರೊಟ್ಟಿಯನ್ನು ಸುಡುತ್ತಾಳೆ. ಅದನ್ನೂ ಅವನು ಚುಚ್ಚಿ ಮೇಲಕ್ಕೆಳೆದುಕೊಳ್ಳುತ್ತಾನೆ. ಅದೂ ಅಗ್ನಿದೇವನ ಪಾಲಾಯಿತೆಂದು ನಂಬಿ, ಹಸಿದ ಹೊಟ್ಟೆಯಲ್ಲೇ ಮರದ ಪೆಟ್ಟಿಗೆಯೊಳಗೆ ಹೋಗಿ ಮಲಗಿಕೊಳ್ಳುತ್ತಾಳೆ. ಅವನು ಇಳಿದು ಬಂದು ನೀರನ್ನು ಕುದಿಸಿ, ಪೆಟ್ಟಿಗೆಯ ಮುಚ್ಚಳಕ್ಕೆ ಬೈರಿಗೆಯಿಂದ ತೂತು ಕೊರೆಯುತ್ತಾನೆ. ಕಿರಿಕಿರಿ ಎಂಬ ಆ ಸದ್ದು ಅವಳ ಕಿವಿಗೆ ಬೀಳುತ್ತದೆ. ಕಿರಿಕಿರಿ ಹುಳು ಕೂಗುತ್ತಿದೆ, ನಾಳೆ ಹವೆ ಚೆನ್ನಾಗಿರುತ್ತದೆ ಎಂದು ಅವಳು ನಿದ್ದೆಗಣ್ಣಿನಲ್ಲಿ ಅಂದುಕೊಳ್ಳುತ್ತಾಳೆ. ಆಮೇಲೆ ಆ ತೂತಿನಿಂದ ಕುದಿಯುವ ನೀರು ಸುರಿಯುತ್ತದೆ.

ಕಥೆ ಹೇಳುವವರು ಎತ್ತು ಹೊಡೆಯುವವನ ಜಾಣ್ಮೆಯನ್ನು ಮೆಚ್ಚಿ ಇಲ್ಲಿಗೆ ಮುಗಿಸುತ್ತಾರೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಆದರೆ ಈ ಕಥೆಯನ್ನು ಕಟ್ಟಿದ ಅಜ್ಞಾತ ಪ್ರತಿಭೆಗೆ ಅವಳ ವಿಷಯದಲ್ಲಿ ಎಷ್ಟು ತಿಳಿದಿತ್ತು, ಎಷ್ಟು ಕನಿಕರವಿತ್ತು ಎಂಬುದನ್ನು ಗಮನಿಸಬೇಕು. ಹೊರಗೆ ದಾರಿಯಲ್ಲಿ ಎತ್ತನ್ನೇ ನುಂಗಿದವಳು ಮನೆಯೊಳಗೆ ಒಂದು ರೊಟ್ಟಿಗಾಗಿ ಕಾಯುವ ಮುದುಕಿ. ಮಾತನಾಡುವುದಕ್ಕೆ ಇನ್ನೊಬ್ಬರಿಲ್ಲದ್ದರಿಂದ ತನ್ನೊಡನೆಯೇ ಮಾತನಾಡಿಕೊಳ್ಳುವವಳು. ದೇವರ ಹೆಸರು ಕಿವಿಗೆ ಬಿದ್ದೊಡನೆ ತನ್ನ ತುತ್ತನ್ನು ಬಿಟ್ಟುಕೊಡುವಷ್ಟು ಭಕ್ತೆ. ನಾಳೆಯ ಹವೆಯನ್ನು ಕುರಿತು ಸಂತೋಷಪಡುವವಳು. ಒಂಟಿಯಾಗಿ ಬಾಳುವ ಯಾವ ಬಡಮುದುಕಿಯ ಮನೆಯಲ್ಲಿಯೂ ಇರುಳಿನ ವ್ಯಾಪಾರ ಇದಕ್ಕಿಂತ ಬೇರೆಯಾಗಿರಲಾರದು. ಅವಳು ದುಷ್ಟಳಲ್ಲವೆಂದು ನಾನು ವಾದಿಸುವುದಿಲ್ಲ. ಅವಳ ಕ್ರೌರ್ಯವು ದ್ವೇಷದಿಂದ ಹುಟ್ಟಿದುದಲ್ಲ, ಯಾವಾಗಲೂ ತುಂಬದ ಹೊಟ್ಟೆಯಿಂದ ಹುಟ್ಟಿದುದು, ಎಂಬುದಷ್ಟೇ ನನ್ನ ಅಭಿಪ್ರಾಯ.

ಉಣ್ಣದ ಹೆಂಡತಿ ಎಂಬ ಇನ್ನೊಂದು ಪ್ರಸಿದ್ಧ ಕಥೆಯಲ್ಲಿ ಈ ಹಸಿವು ಮಲೆಯಿಂದ ಇಳಿದು ಊರೊಳಗೇ ಬರುತ್ತದೆ. ಜಿಪುಣನೊಬ್ಬನು ದುಡಿಯಬೇಕು, ಆದರೆ ಉಣ್ಣಬಾರದು, ಅಂಥ ಹೆಣ್ಣು ಸಿಕ್ಕಿದರೆ ಮದುವೆಯಾಗುವೆನೆನ್ನುತ್ತಾನೆ. ಅಂಥವಳೇ ಒಬ್ಬಳು ಬಾಗಿಲಿಗೆ ಬರುತ್ತಾಳೆ. ಅವಳು ಊಟಮಾಡಿದುದನ್ನು ಯಾರೂ ಕಾಣರು. ಕಣಜದ ಅಕ್ಕಿ ಮಾತ್ರ ಕರಗುತ್ತಿರುತ್ತದೆ. ಗಂಡನು ಹೊರಗೆ ಹೋದಂತೆ ನಟಿಸಿ ಮಾಡಿನ ಸಂದಿಯಿಂದ ನೋಡಿದರೆ, ಅವಳು ಕೂದಲನ್ನು ಬಿಚ್ಚಿ, ನಡುನೆತ್ತಿಯಲ್ಲಿ ತೆರೆದ ಇನ್ನೊಂದು ಬಾಯಿಗೆ ಅನ್ನದ ಉಂಡೆಗಳನ್ನು ಒಂದರ ಮೇಲೊಂದರಂತೆ ಎಸೆದುಕೊಳ್ಳುತ್ತಿರುತ್ತಾಳೆ. ಗುಟ್ಟು ಬಯಲಾದ ಮೇಲೆ ಅವಳು ಯಮಂಬಾ ಆಗಿ ಅವನನ್ನು ತೊಟ್ಟಿಯಲ್ಲಿ ಹೊತ್ತು ಮಲೆಗೆ ಓಡುತ್ತಾಳೆ. ಅವನು ಮಾಚಿಪತ್ರೆಯೂ ಬಜೆಯ ಜಾತಿಯ ಉದ್ದೆಲೆಯ ಗಿಡವೂ ಒತ್ತಾಗಿ ಬೆಳೆದೆಡೆಯಲ್ಲಿ ಹಾರಿ ಅವಿತು ಬದುಕುತ್ತಾನೆ. ಐದನೆಯ ತಿಂಗಳ ಐದನೆಯ ದಿನ ಜಪಾನಿನವರು ಈ ಎಲೆಗಳನ್ನು ಸೂರಿಗೆ ಸಿಕ್ಕಿಸುವ ಪದ್ಧತಿಗೆ ಈ ಕಥೆಯೇ ಕಾರಣವೆಂದು ಹಳ್ಳಿಗರು ಹೇಳುತ್ತಾರೆ. ಪದ್ಧತಿಯ ಕಾರಣ ಏನಾದರೂ ಆಗಿರಲಿ. ಈ ಕಥೆಯಲ್ಲಿ ರಾಕ್ಷಸತ್ವ ಮೊದಲು ಕಾಣಿಸಿಕೊಂಡುದು ಯಾರಲ್ಲಿ? ಹಗಲೆಲ್ಲ ದುಡಿದವಳಿಗೆ ಹೊಟ್ಟೆಯೇ ಇರಬಾರದೆಂದು ಬಯಸಿದವನಲ್ಲಲ್ಲವೆ? ಮುಖದ ಬಾಯಿಯನ್ನು ಮುಚ್ಚಬೇಕೆಂದು ಮನೆಯು ವಿಧಿಸಿದರೆ ಹಸಿವು ನೆತ್ತಿಯಲ್ಲಿ ಬಾಯಿ ತೆರೆಯುತ್ತದೆ. ಸೊಸೆಯು ಎಲ್ಲರ ಊಟವಾದ ಮೇಲೆ ಉಳಿದುದನ್ನು ಉಣ್ಣಬೇಕಾದ ಮನೆಗಳಲ್ಲಿ ಈ ಕಥೆಯನ್ನು ಕೇಳುತ್ತಿದ್ದ ಹೆಂಗಸರು ಯಾರ ಪಕ್ಷವನ್ನು ವಹಿಸುತ್ತಿದ್ದರೆಂಬುದನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ.

ಇವಳೇ ಒಲಿದು ಕೊಡುವ ಕಥೆಗಳಲ್ಲಿಯೂ ಇದೇ ಸೂತ್ರ ಕಾಣುತ್ತದೆ. ಮಲತಾಯಿಯೊಬ್ಬಳು ಹುಡುಗಿಯ ಕೈಗೆ ತೂತುಬಿದ್ದ ಚೀಲವನ್ನು ಕೊಟ್ಟು ಕಾಡುಕಾಯಿಗಳನ್ನು ಆರಿಸಿ ತರಲು ಕಳುಹಿಸುತ್ತಾಳೆ. ಚೀಲ ತುಂಬದೆ ಕತ್ತಲಾಗುತ್ತದೆ. ಹುಡುಗಿ ದೂರದ ಬೆಳಕನ್ನು ಹಿಡಿದು ಯಮಂಬಾಳ ಗುಡಿಸಲಿಗೆ ಬರುತ್ತಾಳೆ. ಮುದುಕಿಯು ತನ್ನ ತಲೆಯ ಹೇನನ್ನು ತೆಗೆಯುವಂತೆ ಕೇಳುತ್ತಾಳೆ. ಹುಡುಗಿ ಹೇಸದೆ ತೆಗೆಯುತ್ತಾಳೆ. ಬೆಳಗಾಗುವ ಹೊತ್ತಿಗೆ ಕೇಳಿದುದನ್ನೆಲ್ಲ ಕೊಡುವ ಪೆಟ್ಟಿಗೆಯೊಂದು ಅವಳ ಕೈಯಲ್ಲಿರುತ್ತದೆ. ಎಷ್ಟು ಅಲ್ಪವಾದ ಸೇವೆಗೆ ಎಷ್ಟು ದೊಡ್ಡ ಸಂಬಳ! ಆದರೆ ಎಷ್ಟು ಕಾಲದಿಂದ ಇನ್ನೊಬ್ಬರ ಕೈ ತಲೆಯನ್ನು ಮುಟ್ಟದೆ ಬದುಕಿದವಳು ಅವಳು ಎಂಬುದನ್ನು ನೆನೆದರೆ, ಆ ಸಂಬಳ ಹೆಚ್ಚೆಂದು ತೋರುವುದಿಲ್ಲ. ಅನ್ನದ ಹಸಿವಿನ ಕೆಳಗೆ ಮನುಷ್ಯರ ಹಸಿವೊಂದಿದೆ. ಅದು ತೀರಿದ ಕಡೆ ಇವಳು ಕೊಡುಗೈಯವಳಾಗುತ್ತಾಳೆ. ಕೆಲವು ಸೀಮೆಗಳಲ್ಲಿ ವರ್ಷದ ಕೊನೆಯ ಸಂತೆಗೆ ಯಮಂಬಾ ಇಳಿದು ಬರುವಳೆಂದೂ, ಅವಳ ಕೈಯಿಂದ ಬಂದ ನಾಣ್ಯವು ಅಂಗಡಿಯವನಿಗೆ ಭಾಗ್ಯವನ್ನು ತರುವುದೆಂದೂ ನಂಬುವುದುಂಟು.

ಇವಳು ಯಾರು, ಎಲ್ಲಿಂದ ಬಂದವಳು ಎಂಬ ಪ್ರಶ್ನೆಯನ್ನು ಜಪಾನಿನ ಜಾನಪದ ಶಾಸ್ತ್ರದ ಪಿತಾಮಹರೆನಿಸಿದ ಯನಗಿತಾ ಕುನಿಯೊ ಅವರು ತಮ್ಮ ಜೀವನದ ಬಹುಭಾಗ ಕೆದಕುತ್ತಲೇ ಇದ್ದರು. 1926ರಲ್ಲಿ ಪುಸ್ತಕರೂಪವಾಗಿ ಬಂದ ‘ಮಲೆಯ ಬಾಳು’ ಎಂಬ ಕೃತಿಯಲ್ಲಿ ಅವರು, ಹೆರಿಗೆಯ ನಂತರ ಚಿತ್ತಭ್ರಮೆಯಾಗಿಯೋ ಬೇರೆ ದುಃಖದಿಂದಲೋ ಮನೆಯನ್ನು ಬಿಟ್ಟು ಕಾಡು ಸೇರಿದ ಹೆಂಗಸರ ನಿಜವಾದ ವೃತ್ತಾಂತಗಳ ಕಡೆಗೆ ಗಮನವನ್ನು ಸೆಳೆದರು. ಅವರ ಶಿಷ್ಯಸಮಾನರಾದ ಒರಿಕುಚಿ ಶಿನೊಬು ಅವರಾದರೋ, ಮಲೆಯ ದೇವರಿಗೆ ಮೀಸಲಾಗಿ ಆ ದೇವರನ್ನು ಪೋಷಿಸುತ್ತಿದ್ದ ಪೂಜಾರಿಣಿಯೇ ಕಾಲಕ್ರಮದಲ್ಲಿ ಹೀಗೆ ವಿಕಾರಗೊಂಡಳೆಂದು ಭಾವಿಸಿದರು. ಎರಡು ವಾದಗಳಲ್ಲಿ ನನ್ನ ಮನಸ್ಸು ಒಲಿಯುವುದು ಮೊದಲನೆಯದಕ್ಕೆ. ಅದಕ್ಕೆ ಕಾರಣ, ಯನಗಿತಾ ಅವರೇ 1910ರಲ್ಲಿ ಪ್ರಕಟಿಸಿದ ‘ತೋನೊ ಕಥೆಗಳು’ ಎಂಬ ಪುಸ್ತಕದಲ್ಲಿರುವ ಅತ್ಯಲ್ಪವಾದೊಂದು ವೃತ್ತಾಂತ. ಈಶಾನ್ಯ ಜಪಾನಿನ ತೋನೊ ಸೀಮೆಯ ಸಮುತೊ ಎಂಬಲ್ಲಿ ಒಬ್ಬ ಹುಡುಗಿಯು ಮರಸೇಬಿನ ಮರದ ಕೆಳಗೆ ತನ್ನ ಹುಲ್ಲಿನ ಕೆರಗಳನ್ನು ಬಿಟ್ಟು ಕಾಣೆಯಾದಳಂತೆ. ಮೂವತ್ತು ವರ್ಷಗಳು ಕಳೆದ ಮೇಲೆ, ನೆಂಟರೆಲ್ಲ ಮನೆಯಲ್ಲಿ ನೆರೆದಿದ್ದ ಒಂದು ದಿನ, ಬಹಳ ಮುದಿಯಾಗಿ ಸೊರಗಿದವಳೊಬ್ಬಳು ಬಂದು ನಿಂತಳು. ಏಕೆ ಬಂದೆಯೆಂದು ಕೇಳಿದುದಕ್ಕೆ, ನಿಮ್ಮನ್ನೆಲ್ಲ ನೋಡಬೇಕೆನ್ನಿಸಿತು, ಬಂದೆ, ಇನ್ನು ಹೋಗುತ್ತೇನೆ, ಎಂದು ಹೇಳಿ ಹೊರಟುಹೋದಳು. ಅಂದು ಗಾಳಿ ಜೋರಾಗಿ ಬೀಸುತ್ತಿತ್ತು. ಅಂದಿನಿಂದ ಗಾಳಿಯ ದಿನಗಳಲ್ಲಿ ತೋನೊ ಜನರು, ಈ ಹೊತ್ತು ಸಮುತೊ ಮುದುಕಿ ಬರುವಂಥ ದಿನ, ಎಂದು ಹೇಳಿಕೊಳ್ಳುತ್ತಿದ್ದರಂತೆ. ಈ ಮುದುಕಿಯನ್ನು ಯನಗಿತಾ ಅವರು ಯಮಂಬಾ ಎಂದು ಕರೆಯಲಿಲ್ಲ. ಆದರೆ ಅವಳು ಎಷ್ಟು ಕಾಲ ಹೊರಗಿದ್ದರೂ ಮನೆಯವರ ಮುಖವನ್ನು ಒಮ್ಮೆ ನೋಡುವ ಆಸೆಯನ್ನು ಕಳೆದುಕೊಳ್ಳಲಿಲ್ಲವೆಂಬುದನ್ನೂ, ನೋಡಿದ ಮೇಲೆ ಅವರ ನಡುವೆ ಉಳಿಯಲಾರದೆ ಹೋದಳೆಂಬುದನ್ನೂ ಓದಿದಾಗ, ಯಮಂಬಾಳ ಏಕಾಂತದ ನಿಜಸ್ವರೂಪ ಇದೇ ಎಂದು ನನಗೆ ಮನವರಿಕೆಯಾಗುತ್ತದೆ. ಅವಳ ಏಕಾಂತ ತಪಸ್ವಿಯದಲ್ಲ. ಜನರನ್ನು ತೊರೆದು ಹೋದವಳಲ್ಲ, ಜನರ ನಡುವೆ ಇರುವ ದಾರಿ ತಪ್ಪಿಹೋದವಳು.

ಮುದಿತನ ಬಂದವರನ್ನು ಬೆಟ್ಟಕ್ಕೆ ಹೊತ್ತು ಬಿಟ್ಟುಬರುತ್ತಿದ್ದರೆಂಬ ಒಬಾಸುತೆ ಕಥೆಗಳು ಕೂಡ ಇಲ್ಲಿಗೆ ಸಂಬಂಧಿಸಿದವೇ. ಫುಕಝಾವಾ ಶಿಚಿರೊ ಎಂಬ ಲೇಖಕರು 1956ರಲ್ಲಿ ಬರೆದ ನರಯಾಮಾ ಬೆಟ್ಟದ ಕಥೆಯಿಂದ ಇದು ಜಗತ್ತಿಗೇ ತಿಳಿಯಿತು. ಅಂಥ ಪದ್ಧತಿಯು ನಿಜವಾಗಿ ಆಚರಣೆಯಲ್ಲಿದ್ದಿತೆಂದು ಇತಿಹಾಸಕಾರರು ಒಪ್ಪುವುದು ಕಡಮೆ. ಆದರೆ ಹದಿನೆಂಟನೆಯ ಶತಮಾನದ ಎಂಬತ್ತರ ದಶಕದಲ್ಲಿ ಬಂದ ತೆನ್‌ಮೇಯ್ ಕ್ಷಾಮದಂಥವು ಈಶಾನ್ಯದ ಹಳ್ಳಿಗಳನ್ನು ಬರಿದುಮಾಡಿದ ದೇಶದಲ್ಲಿ, ಒಂದು ಬಾಯಿ ಕಡಮೆಯಾದರೆ ಉಳಿದವರು ಬದುಕಿಯಾರೆಂಬ ಆಲೋಚನೆಯು ಬಡವರ ಮನೆಗಳಲ್ಲಿ ಸುಳಿಯದೆ ಇರಲಾರದು. ಹಾಗೆ ಆಲೋಚಿಸಿದವರ ಕನಸಿನಲ್ಲಿ, ಬೆಟ್ಟದ ಮೇಲೆ ಬಿಟ್ಟುಬಂದ ಆ ಬಾಯಿಯು ದೊಡ್ಡದಾಗಿ ಕಿವಿಯವರೆಗೆ ಹರಿದು ಇಳಿದು ಬರುವುದು ಆಶ್ಚರ್ಯವೆ?

ಇನ್ನು ತಾಯಿಯಾದ ಯಮಂಬಾ. ಮಿನಮೊತೊ ಯೊರಿಮಿತ್ಸು ಎಂಬ ಸಾಮಂತವೀರನ ನಾಲ್ವರು ಪ್ರಖ್ಯಾತ ಭಟರಲ್ಲಿ ಒಬ್ಬನಾದ ಸಕಾತಾ ಕಿಂತೊಕಿಯು ಬಾಲ್ಯದಲ್ಲಿ ಕಿಂತಾರೊ ಎಂಬ ಹೆಸರಿನಿಂದ ಅಶಿಗರಾ ಬೆಟ್ಟದಲ್ಲಿ ಕರಡಿಯೊಡನೆ ಕುಸ್ತಿಯಾಡುತ್ತ ಬೆಳೆದನೆಂದೂ, ಅವನ ತಾಯಿ ಯಮಂಬಾ ಎಂದೂ ಪ್ರತೀತಿ. ಚಿಕಮತ್ಸು ಮೊಂಝಯೆಮೊನ್ 1712ರಲ್ಲಿ ಬೊಂಬೆಯಾಟಕ್ಕಾಗಿ ಬರೆದ ನಾಟಕದಲ್ಲಿ, ಯಯೆಗಿರಿ ಎಂಬ ಮಾಜಿ ವೇಶ್ಯೆಯ ಒಡಲಿನಲ್ಲಿ ಆತ್ಮಹತ್ಯೆ ಮಾಡಿಕೊಂಡ ಪ್ರಿಯನ ಜೀವವೇ ಹೊಕ್ಕು, ಅವಳು ಅಮಾನುಷ ಬಲದವಳಾಗಿ ಮಲೆ ಸೇರಿ ಈ ಮಗುವನ್ನು ಹಡೆಯುತ್ತಾಳೆ. ಹದಿನೆಂಟನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಕಿತಗಾವಾ ಉತಮಾರೊ ಈ ತಾಯಿಮಕ್ಕಳ ಚಿತ್ರಗಳನ್ನು ಮತ್ತೆ ಮತ್ತೆ ಅಚ್ಚಿಗಾಗಿ ಬರೆದನು. ಅವನ ಯಮಂಬಾ ಯುವತಿ. ನೀಳವಾದ ಕರಿಗೂದಲು ಸ್ವಲ್ಪ ಕೆದರಿರುವುದನ್ನು ಬಿಟ್ಟರೆ ಮಲೆಯ ಗುರುತು ಅವಳಲ್ಲಿಲ್ಲ. ಕೆಂಬಣ್ಣದ ದಷ್ಟಪುಷ್ಟ ಮಗು ಒಂದು ಮೊಲೆಯನ್ನು ಚೀಪುತ್ತ ಇನ್ನೊಂದನ್ನು ಹಿಡಿದುಕೊಂಡಿರುವ ಚಿತ್ರದಲ್ಲಿ, ಆ ತಾಯಿಯ ಓರೆನೋಟ ಇಳಿದಿರುವುದೆಲ್ಲ ಮಗುವಿನ ಮೇಲೆಯೇ. ಅದೇ ಕಾಲದಲ್ಲಿ, 1797ರಲ್ಲಿ, ನಗಸಾವಾ ರೊಸೆತ್ಸು ಎಂಬ ಚಿತ್ರಕಾರನು ಬರೆದು ಇತ್ಸುಕುಶಿಮಾ ದೇವಾಲಯಕ್ಕೆ ಅರ್ಪಿತವಾದ ಯಮಂಬಾಳಾದರೋ ಸುಕ್ಕುಗಟ್ಟಿದ ಮುಖದ, ಹರಕು ಬಟ್ಟೆಯ, ಅನುಮಾನದ ಕಣ್ಣಿನ ಮುದುಕಿ. ಅವಳ ಪಕ್ಕದಲ್ಲಿಯೂ ಅದೇ ಮಗು. ಉತಮಾರೊವಿನ ಚಿತ್ರಗಳ ಚೆಲುವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ರೊಸೆತ್ಸುವೇ ಅವಳನ್ನು ಸರಿಯಾಗಿ ಬಲ್ಲವನು. ನುಂಗುವ ಬಾಯಿಯೂ ಊಡಿಸುವ ಮೊಲೆಯೂ ಒಂದೇ ದೇಹದ್ದೆಂಬುದನ್ನು ಅವನು ಮರೆಮಾಚಲಿಲ್ಲ. ಹಸಿವನ್ನು ಆಳವಾಗಿ ಬಲ್ಲವಳು ಮಗುವಿಗೆ ಹಾಲೂಡಿಸುವಾಗ ಲೋಕದ ಇತರ ತಾಯಂದಿರಿಗಿಂತ ಹೆಚ್ಚು ತೀವ್ರವಾಗಿ ಊಡಿಸುತ್ತಾಳೆ. ಕಿಂತಾರೊವಿನ ಬಲ ಅಲ್ಲಿಂದ ಬಂದುದು. ಪರರ ಮಕ್ಕಳನ್ನು ತಿನ್ನುತ್ತಿದ್ದು, ಬುದ್ಧನು ತನ್ನ ಮಗುವನ್ನು ಬಚ್ಚಿಟ್ಟಾಗ ನೊಂದು ಶಿಶುರಕ್ಷಕಿಯಾದ ಹಾರೀತಿಯು ಬೌದ್ಧಧರ್ಮದೊಡನೆ ನಮ್ಮ ದೇಶದಿಂದ ಜಪಾನಿಗೆ ಹೋಗಿ ಇಂದಿಗೂ ಅಲ್ಲಿ ಕಿಶಿಮೊಜಿನ್ ಎಂಬ ಹೆಸರಿನಿಂದ ಪೂಜೆಗೊಳ್ಳುತ್ತಿರುವುದನ್ನೂ ಇಲ್ಲಿ ನೆನೆಯಬಹುದು.

ಆದರೆ ಯಮಂಬಾಳ ಅಂತರಂಗವನ್ನು ತೆರೆದು ತೋರಿಸಿದ ಮಹಾಕೃತಿ ಇವಾವುವೂ ಅಲ್ಲ. ಅದು ಅವಳ ಹೆಸರನ್ನೇ ಹೊತ್ತ, ನೋ ಎಂಬ ಜಪಾನೀ ಗೀತನೃತ್ಯ ಪ್ರಕಾರದ ನಾಟಕ. ಹದಿನಾಲ್ಕು ಹದಿನೈದನೆಯ ಶತಮಾನಗಳಲ್ಲಿದ್ದ ನೋ ಕಲೆಯ ಆಚಾರ್ಯ ಜೆಯಾಮಿಯ ಕೃತಿಯೆಂದು ಅದನ್ನು ವಿದ್ವಾಂಸರು ಎಣಿಸುತ್ತಾರೆ. ರಾಜಧಾನಿಯಲ್ಲಿ ಒಬ್ಬ ನರ್ತಕಿ. ಯಮಂಬಾ ಬೆಟ್ಟದಿಂದ ಬೆಟ್ಟಕ್ಕೆ ಸುತ್ತುವುದನ್ನು ವರ್ಣಿಸುವ ಹಾಡನ್ನು ಕುಣಿದು ಕೀರ್ತಿಗಳಿಸಿ, ಹ್ಯಾಕುಮಾ ಯಮಂಬಾ ಎಂಬ ಹೆಸರನ್ನೇ ಪಡೆದವಳು. ಅವಳು ಪರಿವಾರದೊಡನೆ ಶಿನಾನೊ ಸೀಮೆಯ ಜೆಂಕೋಜಿ ದೇವಾಲಯಕ್ಕೆ ಯಾತ್ರೆ ಹೊರಡುತ್ತಾಳೆ. ಇರುವ ದಾರಿಗಳಲ್ಲಿ ಅಗೆರೊ ಕಣಿವೆಯದು ಅಮಿತಾಭ ಬುದ್ಧನೇ ನಡೆದ ದಾರಿಯೆಂದು ಪ್ರಸಿದ್ಧ, ಆದರೆ ಪಲ್ಲಕ್ಕಿ ಹೋಗಲಾರದಷ್ಟು ಕಡಿದು; ಅವಳು ಭಕ್ತಿಯಿಂದ ಅದನ್ನೇ ಆರಿಸಿ ಕಾಲ್ನಡೆಯಲ್ಲಿ ಹೊರಡುತ್ತಾಳೆ. ನಡುದಾರಿಯಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಕತ್ತಲು ಕವಿಯುತ್ತದೆ. ಹೆಂಗಸೊಬ್ಬಳು ಬಂದು ತನ್ನ ಗುಡಿಸಲಿನಲ್ಲಿ ತಂಗಬಹುದೆಂದು ಹೇಳಿ, ಅದಕ್ಕೆ ಪ್ರತಿಯಾಗಿ ಆ ಯಮಂಬಾ ಹಾಡನ್ನು ಹಾಡಬೇಕೆಂದು ಕೇಳುತ್ತಾಳೆ. ತಾನೇ ಆ ಯಮಂಬಾ ಎಂದು ತಿಳಿಸಿ, ತನ್ನ ದೂರನ್ನು ಮುಂದಿಡುತ್ತಾಳೆ: ನನ್ನ ಹೆಸರನ್ನು ಹಾಡಿ ನೀನು ಇಷ್ಟು ಕೀರ್ತಿಯನ್ನು ಪಡೆದೆ, ನಿಜವಾದ ನನ್ನನ್ನು ಒಮ್ಮೆಯಾದರೂ ನೆನೆದೆಯಾ? ಆ ಗೀತನೃತ್ಯಗಳನ್ನು ನನ್ನ ಸದ್ಗತಿಗಾಗಿ ಒಮ್ಮೆ ಸಮರ್ಪಿಸಿದ್ದರೆ ನಾನು ಈ ಸಂಸಾರಚಕ್ರದಿಂದ ಬಿಡುಗಡೆ ಹೊಂದುತ್ತಿರಲಿಲ್ಲವೆ? ಹೀಗೆಂದು, ಚಂದ್ರನು ಮೂಡಿದಾಗ ಹಾಡಬೇಕೆಂದು ಹೇಳಿ ಮಾಯವಾಗುತ್ತಾಳೆ.

ಇಲ್ಲಿ ಬರುವ ವಿಷ್ಕಂಭದಲ್ಲಿ ದಾರಿ ತೋರಿಸಲು ಬಂದ ಹಳ್ಳಿಗನು, ಯಮಂಬಾ ಹೇಗೆ ಹುಟ್ಟುವಳೆಂಬುದನ್ನು ಪರಿವಾರದವರಿಗೆ ವಿವರಿಸುತ್ತಾನೆ: ಓಕ್ ಮರದ ಕಾಯಿ ಉರುಳಿ ಕಸವನ್ನು ಮೆತ್ತಿಕೊಂಡು ಯಮಂಬಾ ಆಗುವುದಂತೆ, ಅಲ್ಲವೆಂದರೆ, ಮಣ್ಣು ಕುಸಿದು ಹೊರಬಿದ್ದ ಕಾಡುಗೆಣಸಿನ ಬೇರುಗಳೇ ಅವಳ ಬಿಳಿಗೂದಲಂತೆ, ಅದೂ ಅಲ್ಲವೆಂದರೆ ಹಾಳುಗುಡಿಯ ಜಾಗಟೆಯಂತೆ. ಪ್ರೇಕ್ಷಕರು ನಗುತ್ತಾರೆ. ಕವಿ ಇದನ್ನು ನಗಿಸುವುದಕ್ಕಾಗಿ ಮಾತ್ರ ಇಟ್ಟನೆಂದು ನಾನು ತಿಳಿಯಲಾರೆ. ನಗರದ ಕಲಾವಿದೆ ಕಾಣದೆ ಕುಣಿದಳು. ನೆರೆಯಲ್ಲೇ ಇರುವ ಹಳ್ಳಿಗನು ಕಾಣದೆ ಕಥೆ ಕಟ್ಟಿದನು. ಎಲ್ಲರ ಬಾಯಲ್ಲಿಯೂ ಇದ್ದು ಯಾರ ಕಣ್ಣಿಗೂ ಬೀಳದವಳು ಯಮಂಬಾ. ಅವಳ ಕಟ್ಟಕಡೆಯ ಹಸಿವು ಇದೇ: ತನ್ನನ್ನು ಇದ್ದಂತೆ ಒಬ್ಬರು ಕಾಣಬೇಕು.

ಉತ್ತರಾರ್ಧದಲ್ಲಿ ಅವಳು ಈ ಪಾತ್ರಕ್ಕೆಂದೇ ಕೆತ್ತಿದ ಮುಖವಾಡವನ್ನು ಧರಿಸಿ, ಎಲೆಗಳು ಹತ್ತಿಕೊಂಡ ಕೋಲನ್ನೂರಿ ಬರುತ್ತಾಳೆ. ರೂಪಕ್ಕೂ ಶೂನ್ಯಕ್ಕೂ ಭೇದವಿಲ್ಲವೆಂಬ ಪ್ರಜ್ಞಾಪಾರಮಿತಾ ತತ್ತ್ವವನ್ನು ನುಡಿಯುವ ಅವಳ ಬಾಯಲ್ಲಿಯೇ, ಸೌದೆ ಹೊತ್ತು ದಣಿದು ಹೂಮರದ ನೆರಳಿನಲ್ಲಿ ಕುಳಿತವನ ಹೊರೆಗೆ ಹೆಗಲು ಕೊಟ್ಟು ಬೆಳುದಿಂಗಳಲ್ಲಿ ಅವನ ಊರಿನವರೆಗೆ ಬಂದುದೂ, ನೇಯುವ ಹೆಣ್ಣಿನ ಕಿಟಕಿಯಿಂದ ಒಳಹೊಕ್ಕು ಅವಳ ಕೆಲಸದಲ್ಲಿ ಕೈಗೂಡಿಸಿದುದೂ ಹೊರಬೀಳುತ್ತದೆ. ಸಹಾಯ ಪಡೆದವರಿಗೆ ಸಹಾಯ ಮಾಡಿದವಳು ಕಾಣಲೇ ಇಲ್ಲ! ಆಮೇಲೆ ಅವಳು ಕುಣಿಯುತ್ತಾಳೆ. ಅದುವರೆಗೆ ಅವಳನ್ನು ಕುಣಿದು ಬದುಕಿದ ಹ್ಯಾಕುಮಾ ಕುಳಿತು ನೋಡುತ್ತಾಳೆ. ಕುಣಿಯುತ್ತ ಕುಣಿಯುತ್ತ ಮಲೆಯಿಂದ ಮಲೆಗೆ ದಾಟಿ ಕಣ್ಮರೆಯಾಗುತ್ತಾಳೆ. ಅವಳಿಗೆ ಮುಕ್ತಿಯಾಯಿತೆಂದು ಕವಿ ಹೇಳಲಿಲ್ಲ. ಹೇಳದಿದ್ದುದು ಅವನ ಸತ್ಯನಿಷ್ಠೆ.

ಈ ನಾಟಕವನ್ನು ಬಲ್ಲವರು ಓಬಾ ಮಿನಾಕೊ ಎಂಬ ಲೇಖಕಿ 1976ರಲ್ಲಿ ಪ್ರಕಟಿಸಿದ ‘ಮಲೆಯ ಮುದುಕಿಯ ಮುಗುಳ್ನಗೆ’ ಎಂಬ ಸಣ್ಣಕಥೆಯನ್ನು ತಪ್ಪದೆ ಓದಬೇಕು. ಅದರ ನಾಯಕಿ ಮಲೆಯಲ್ಲಿ ಇರುವವಳಲ್ಲ, ಊರಲ್ಲಿ ಸಂಸಾರ ಮಾಡಿಕೊಂಡಿರುವ ಸಾಮಾನ್ಯ ಗೃಹಿಣಿ. ಎದುರಿನವರ ಮನಸ್ಸಿನಲ್ಲಿರುವುದನ್ನು ಓದಿಬಿಡುವ ಶಕ್ತಿ ಅವಳಿಗೆ ಹುಟ್ಟಿನಿಂದಲೇ ಬಂದಿದೆ. ಆದುದರಿಂದ ಗಂಡನು ಏನನ್ನು ಬಯಸುವನೋ ಅದನ್ನೇ ಆಡುತ್ತ, ಅದನ್ನೇ ಮಾಡುತ್ತ, ತನ್ನೊಳಗಿನ ಯಮಂಬಾಳನ್ನು ಮನೆಯವರು ಯಾರೂ ಅರಿಯದಂತೆ ಬಾಳಿ ಸಾಯುತ್ತಾಳೆ. ಅಗೆರೊ ಕಣಿವೆಯ ಮುದುಕಿ ತನ್ನ ದೂರನ್ನು ಬಾಯಿಬಿಟ್ಟು ಹೇಳಿದಳು, ಕೇಳುವುದಕ್ಕೆ ಅವಳಿಗೆ ಒಬ್ಬ ಹ್ಯಾಕುಮಾ ಸಿಕ್ಕಿದಳು. ಎಲ್ಲರ ಹಸಿವನ್ನೂ ತಿಳಿದಿದ್ದ ಈ ಗೃಹಿಣಿಯ ಹಸಿವೇನೆಂದು ಅವಳ ಒಲೆಯ ಮುಂದೆ ದಿನವೂ ಉಂಡವರೊಬ್ಬರೂ ಕೇಳಲಿಲ್ಲ. ಐದೂವರೆ ಶತಮಾನಗಳ ಅಂತರದಲ್ಲಿರುವ ಈ ಎರಡು ಕೃತಿಗಳಲ್ಲಿ ನನಗೆ ಹೆಚ್ಚು ಭಯವನ್ನು ಹುಟ್ಟಿಸುವುದು ಎರಡನೆಯದೇ.